ಬಾಗಿಲು ತೆರೆದು ನಡೆಸಿದ ಚುನಾವಣೆ

"ಆ ಚುನಾವಣೆ ಒಂದು ಬಿಟ್ಟುಬಿಡಿ ಮೇಡಂ" ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ಕಾಲೇಜಿನ ಹಿಂದೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಎದುರುಬದುರು ಕೂತಿದ್ದೆವು. ಅವರ ತಟ್ಟೆಯಲ್ಲಿ ರೊಟ್ಟಿ ಚನಾಯ್ ಅರ್ಧಕ್ಕೆ ನಿಂತಿತ್ತು, ನನ್ನ ಚಹದ ಮೇಲೆ ಕೆನೆ ಕಟ್ಟುತ್ತಿತ್ತು. ಅವರು ಬಿಡಿ ಎಂದ ಚುನಾವಣೆ ನಡೆದು ಇನ್ನೂರು ವರ್ಷಕ್ಕೂ ಮೇಲಾಗಿದೆ. ಅದೂ ಮಲೇಷ್ಯಾದಲ್ಲಲ್ಲ, ಅಮೆರಿಕದಲ್ಲಿ.

ಕ್ವಾಲಾಲಂಪುರದ ಹೊರವಲಯದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಆಗ ಅಮೆರಿಕದ ಇತಿಹಾಸ ಕಲಿಸುತ್ತಿದ್ದೆ. ಎರಡು ವರ್ಷ ಇಲ್ಲಿ ಓದಿ, ಉಳಿದೆರಡು ವರ್ಷ ಅಮೆರಿಕದಲ್ಲಿ ಮುಗಿಸುವ ಕೋರ್ಸು ಅದು. ಬರುವವರೆಲ್ಲ ಎಂಜಿನಿಯರ್ ಆಗಬೇಕೆಂದವರು. ಇತಿಹಾಸದ ಪೇಪರು ಅವರ ಪಾಲಿಗೆ ದಾರಿಯ ಟೋಲ್ ಗೇಟು. ಕಟ್ಟಿ ದಾಟಿದರೆ ಮುಗಿಯಿತು. ಮೊದಲ ಅಧ್ಯಕ್ಷೀಯ ಚುನಾವಣೆಗಳ ಪಾಠವನ್ನು ನನಗಿಂತ ಹಿಂದೆ ಇದ್ದವರು ಸ್ಲೈಡ್ ತೋರಿಸಿ, ಸರಿ ಉತ್ತರಕ್ಕೆ ಗುರುತು ಹಾಕಿಸಿ ಮುಗಿಸುತ್ತಿದ್ದರು. ನಾನು ಹಾಗೆ ಮಾಡುವುದಿಲ್ಲ ಎಂದು ಸೆಮಿಸ್ಟರಿನ ಮೊದಲಿಗೇ ತೀರ್ಮಾನಿಸಿದ್ದೆ. 1800ರ ಚುನಾವಣೆಯನ್ನು ತರಗತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಮಕ್ಕಳಿಂದಲೇ ನಡೆಸಬೇಕು, ಅವರೇ ತಪ್ಪು ಮಾಡಬೇಕು, ಅವರೇ ಬಿಡಿಸಿಕೊಳ್ಳಬೇಕು. ಮುಖ್ಯಸ್ಥರೂ ಒಪ್ಪಿದ್ದರು.

ಈಗ ಒಪ್ಪಿಗೆ ಹಿಂತೆಗೆದುಕೊಳ್ಳುತ್ತಿದ್ದರು. ಅವರು ಉಡುಪಿ ಕಡೆಯವರು, ನಾನು ಧಾರವಾಡದವಳು. ಸಭೆಗಳಲ್ಲಿ ಇಂಗ್ಲಿಷ್, ಕಷ್ಟಸುಖಕ್ಕೆ ಕನ್ನಡ ಎನ್ನುವುದು ನಮ್ಮಿಬ್ಬರ ರೂಢಿ. ಕನ್ನಡದಲ್ಲಿ ಮಾತು ತೆಗೆದರೆಂದರೆ ಕಷ್ಟವೇ ಇರಬೇಕು.

"ಯಾಕ್ರಿ ಸರ, ಏನಾತು?"

"ಲಿಫ್ಟಿನ ಹತ್ರ ಪೋಸ್ಟರ್ ಹಚ್ಚಿದ್ದಾರಲ್ಲ ನಿಮ್ಮ ಮಕ್ಕಳು, 'ಬರೆದವನಿಗೆ ಜೈಲು ಯಾಕೆ' ಅಂತ. ಮೇಲಿನವರು ನೋಡಿದ್ದಾರೆ. ಇದೆಂತದು, ಯಾವ ಪಾರ್ಟಿಯವರು ಕಾಲೇಜಿನೊಳಗೆ ಬಂದದ್ದು ಅಂತ ನನ್ನನ್ನು ಕರೆಸಿ ಕೇಳಿದ್ರು."

ನನಗೆ ಮೊದಲು ನಗು ಬಂತು. ಆ ಚುನಾವಣೆಯಲ್ಲಿ ವಿರೋಧ ಪಕ್ಷದವರ ದೊಡ್ಡ ಅಸ್ತ್ರವೇ ಅದು. ಆಗ ಅಧಿಕಾರದಲ್ಲಿದ್ದವರು ಸರ್ಕಾರವನ್ನು ಹೀಗಳೆದು ಬರೆದವರನ್ನು ಜೈಲಿಗೆ ಹಾಕುವ ಕಾನೂನು ತಂದಿದ್ದರು, ಪತ್ರಿಕೆಯವರನ್ನು ಹಾಕಿಯೂ ಇದ್ದರು. ವಿರೋಧ ಪಕ್ಷಕ್ಕೆ ಬಿದ್ದ ನನ್ನ ಹುಡುಗರು ಅದನ್ನು ಓದಿ ಚೆಂದದ ಪೋಸ್ಟರ್ ಬರೆದಿದ್ದರು. ಅಂಥದೊಂದು ಕಾನೂನು ನಾವಿರುವ ದೇಶದಲ್ಲೂ ಇದೆ ಎಂಬುದನ್ನು ಯಾರೂ ಯಾರಿಗೂ ನೆನಪಿಸಬೇಕಾಗಿರಲಿಲ್ಲ. ನನ್ನ ನಗು ಅಲ್ಲಿಗೆ ನಿಂತಿತು.

"ಪೋಸ್ಟರ್ ತೆಗಿಸ್ತೀನ್ರಿ. ಕ್ಲಾಸಿನ ಒಳಗ ಹಚ್ಚಸ್ತೀನಿ. ಆದ್ರ ಚುನಾವಣಿ ಬಿಡಂಗಿಲ್ಲ."

"ನಿಮ್ಮ ಕಾಂಟ್ರಾಕ್ಟಿನ ಕಾಗದ ಈಗ ಮೇಲೆ ಉಂಟು, ಗೊತ್ತುಂಟಲ್ಲ? ಎಂತಕ್ಕೆ ಮಾರಾಯ್ರೆ ಈ ತಲೆಬಿಸಿ? ಸ್ಲೈಡ್ ತೋರಿಸಿ ಮುಗಿಸಿ. ಇಲ್ಲ, ಮಾಡ್ಲೇಬೇಕು ಅಂತಾದ್ರೆ ಬಾಗಿಲು ಹಾಕ್ಕೊಂಡು ಸಣ್ಣಕ್ಕೆ ಮಾಡಿ."

ಕಾಂಟ್ರಾಕ್ಟಿನ ಮಾತು ಸಣ್ಣದಲ್ಲ. ನನ್ನ ಕೆಲಸದ ಪಾಸಿನ ಮೇಲೆಯೇ ಗಂಡ, ಮಗಳು ಇಬ್ಬರೂ ಈ ದೇಶದಲ್ಲಿದ್ದರು. ಅದು ಹೋದರೆ ಮಗಳ ಶಾಲೆ, ಬ್ರಿಕ್‌ಫೀಲ್ಡ್ಸ್‌ನ ನಮ್ಮ ಬಾಡಿಗೆ ಮನೆ, ಎಲ್ಲವೂ ಹೋದ ಹಾಗೆಯೇ. ಹೀಗಾಗಿ ಬಾಗಿಲು ಹಾಕಿಕೊಳ್ಳುವ ಮಾತಿಗೆ ಒಪ್ಪಿದೆ. ಒಪ್ಪಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟಿತ್ತು.

ನಡೆಸುವ ಕ್ರಮ ಹೀಗಿತ್ತು. ಮೊದಲು ಪಕ್ಷ. ಅವರವರೇ ಆರಿಸಿಕೊಳ್ಳಲಿ ಎಂದು ಬಿಟ್ಟಿದ್ದರೆ ಊಟದ ಮೇಜಿನ ಗುಂಪುಗಳೇ ಪಕ್ಷಗಳಾಗುತ್ತಿದ್ದವು. ಚೀನೀ ಮಕ್ಕಳು ಒಂದು ಕಡೆ, ಮಲಯ ಮಕ್ಕಳು ಒಂದು ಕಡೆ, ತಮಿಳು ಮಕ್ಕಳು ಮೂಲೆಗೆ. ಅದನ್ನು ಮುರಿಯಲೆಂದೇ ಚೀಟಿ ಎತ್ತಿಸಿದೆ. ಸ್ವಲ್ಪ ಗೊಣಗಿದರು. ಎರಡನೆಯ ವಾರಕ್ಕೆ ಒಂದೇ ಪಕ್ಷದವರು ಒಟ್ಟಿಗೆ ಕೂತು ಊಟ ಮಾಡುವುದನ್ನು ಕ್ಯಾಂಟೀನಿನಲ್ಲಿ ಕಂಡೆ. ಪಕ್ಷ ಎನ್ನುವುದು ಎಷ್ಟು ಬೇಗ ಮೈಗೆ ಹತ್ತುತ್ತದೆ ಎಂದು ನನಗೇ ಸೋಜಿಗವಾಯಿತು.

ಆಮೇಲೆ ಮತದಾನದ ನಿಯಮ. ಆ ಕಾಲದ ಸಂವಿಧಾನ ಬರೆದವರು ಪಕ್ಷಗಳು ಹುಟ್ಟುತ್ತವೆ ಎಂದೇ ಎಣಿಸಿರಲಿಲ್ಲ. ಒಬ್ಬೊಬ್ಬ ಮತದಾರನೂ ಚೀಟಿಯ ಮೇಲೆ ಎರಡು ಹೆಸರು ಬರೆಯಬೇಕು. ಯಾರು ಅಧ್ಯಕ್ಷ, ಯಾರು ಉಪಾಧ್ಯಕ್ಷ ಎಂದು ಬರೆಯುವ ಹಾಗಿಲ್ಲ. ಹೆಚ್ಚು ಮತ ಬಂದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. ಅದಕ್ಕೂ ಹಿಂದಿನ ಚುನಾವಣೆಯಲ್ಲಿ ಇದೇ ನಿಯಮದಿಂದ ಒಂದು ಪಕ್ಷದವನು ಅಧ್ಯಕ್ಷನಾಗಿ, ಅವನ ಎದುರಾಳಿಯೇ ಉಪಾಧ್ಯಕ್ಷನಾಗಿ, ಹೊಂದದ ಓರಗಿತ್ತಿಯರು ಒಂದೇ ಒಲೆಯ ಮುಂದೆ ನಿಂತ ಹಾಗೆ ನಾಲ್ಕು ವರ್ಷ ತಳ್ಳಿದ್ದರು. ಈ ಸಲ ಪಕ್ಷಗಳು ಜಾಣತನ ಮಾಡಿ ಇಬ್ಬಿಬ್ಬರನ್ನು ಜೋಡಿಯಾಗಿ ನಿಲ್ಲಿಸಿದವು. ತಮ್ಮವನೇ ಅಧ್ಯಕ್ಷನಾಗಬೇಕಾದರೆ ಪಕ್ಷದ ಯಾರಾದರೂ ಒಬ್ಬ ಮತದಾರ ಜೊತೆ ಅಭ್ಯರ್ಥಿಯ ಹೆಸರು ಬಿಟ್ಟು ಬೇರೆ ಯಾರದೋ ಹೆಸರು ಬರೆದು ಒಂದು ಮತ ವ್ಯರ್ಥ ಮಾಡಬೇಕು. ಇಲ್ಲದಿದ್ದರೆ ಜೋಡಿಯ ಇಬ್ಬರಿಗೂ ಸಮ ಮತ.

ಇದೆಲ್ಲ ಫೋನಿನಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲ ದಿನವೇ ಹೇಳಿದ್ದೆ, "ಬೇಕಾದರೆ ನೋಡಿಕೊಳ್ಳಿ. ಆದರೆ ಅವರು ಮಾಡಿದ್ದನ್ನೇ ನೀವು ಮಾಡಬೇಕೆಂದಿಲ್ಲ." ವಿರೋಧ ಪಕ್ಷದ ಹುಡುಗರು ನೋಡಿಯೂ ಇದ್ದರು. ಒಂದು ಮತ ವ್ಯರ್ಥ ಮಾಡಬೇಕು ಎಂದು ಒಳಗೊಳಗೇ ಸಭೆ ಸೇರಿ ಒಪ್ಪಿಕೊಂಡಿದ್ದರು. ಆದರೆ ಯಾರು ಮಾಡಬೇಕು ಎಂದು ಹೆಸರಿಡಲಿಲ್ಲ. ಜೊತೆ ಅಭ್ಯರ್ಥಿ ಎಲ್ಲರಿಗೂ ಬೇಕಾದ ಹುಡುಗ. ಅವನ ಹೆಸರು ತಾನೇಕೆ ಬಿಡಲಿ, ಇನ್ಯಾರಾದರೂ ಬಿಡುತ್ತಾರೆ ಎಂದು ಪ್ರತಿಯೊಬ್ಬರೂ ಎಣಿಸಿದರು. ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ತೆಗೆದು ಎಣಿಸಿದಾಗ ಇಬ್ಬರಿಗೂ ಸಮ. ಆಡಳಿತ ಪಕ್ಷದವರು ಮಾತ್ರ ಒಂದು ಮತ ಸರಿಯಾಗಿ ವ್ಯರ್ಥ ಮಾಡಿ, ಆದರೂ ಸೋತು ಕೂತಿದ್ದರು.

"ಮುಜುಗರ ಆಗ್ತದಲ್ಲ ಮಿಸ್," ಎಂದಳು ವಿರೋಧ ಪಕ್ಷದ ಒಬ್ಬ ಹುಡುಗಿ, ಇಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಸೇರಿಸಿ. "ಫ್ರೆಂಡ್ ಲಾ. ಹೆಸರು ಹೇಗೆ ಬಿಡೋದು?"

ನಮ್ಮಲ್ಲಿ ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಆದರೆ ಆ ದಿನ ನನಗೆ ಬಹಳ ಖುಷಿಯಾಗಿತ್ತು. ಉತ್ತರ ಗೊತ್ತಿದ್ದೂ ಅದೇ ಹಳ್ಳಕ್ಕೆ ಬಿದ್ದಿದ್ದರು. ಆ ಹಳ್ಳ ಏಕಿತ್ತು ಎಂಬುದನ್ನು ಇನ್ನು ಅವರಿಗೆ ಸ್ಲೈಡಿನಲ್ಲಿ ತೋರಿಸಬೇಕಾಗಿರಲಿಲ್ಲ.

ಗೆದ್ದ ಪಕ್ಷದೊಳಗೇ ಜಗಳ ಹತ್ತಿತು. ನೀನು ಬಿಡಬೇಕಿತ್ತು, ನೀನು ಬಿಡಬೇಕಿತ್ತು ಎಂದು ಮೇಜು ಕುಟ್ಟಿದರು. ಮುಚ್ಚಿದ ಬಾಗಿಲ ಹಿಂದಿನ ಸದ್ದು ಹೊರಗಿನವರ ಕಿವಿಗೆ ಇನ್ನೂ ದೊಡ್ಡದಾಗಿ ಕೇಳಿಸಿರಬೇಕು. ಪಕ್ಕದ ತರಗತಿಯವರು ದೂರು ಕೊಟ್ಟರು. ಸಂಜೆಗೆ ಮುಖ್ಯಸ್ಥರ ಸಂದೇಶ ಬಂತು. ಮುಂದಿನ ತರಗತಿಯಲ್ಲಿ ಫಲಿತಾಂಶ ನೀವೇ ಹೇಳಿಬಿಡಿ, ಪಾಠ ಮುಗಿಸಿ, ಇದು ಆಡಳಿತದ ಸೂಚನೆ, ಕಾಂಟ್ರಾಕ್ಟಿನ ತೀರ್ಮಾನ ಇದರ ಮೇಲಿದೆ. ಇಷ್ಟೂ ಇಂಗ್ಲಿಷಿನಲ್ಲಿತ್ತು. ಕೊನೆಗೆ ಕನ್ನಡದಲ್ಲಿ ಒಂದೇ ಸಾಲು: "ದಯವಿಟ್ಟು ಹಟ ಮಾಡಬೇಡಿ."

ಗಂಡನಿಗೆ ಓದಿ ಹೇಳಿದೆ. ಅವರು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು, ಮಾತು ಕಡಿಮೆ.

"ನೀ ಏನ್ ಮಾಡ್ತಿ ಅನ್ನೂದು ನನಗ ಗೊತ್ತೈತಿ," ಎಂದರು. "ಆದ್ರ ಈಕಿ ಸಾಲಿ? ವರ್ಷದ ನಡುವ ಬಿಡಸೂದು ಅಂದ್ರ..."

"ಬಿಡಸೂ ಪ್ರಸಂಗ ಬಂದ್ರ ಬಿಡಸೂಣು."

"ಆಕಿಗೂ ಒಂದು ಮಾತು ಕೇಳು."

ಮಗಳನ್ನು ಕೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ನೀನು ತಪ್ಪು ಮಾಡಿದ್ದೀಯಾ ಅಮ್ಮ ಎಂದಳು. ಇಲ್ಲ ಎಂದೆ. ಹಾಗಾದರೆ ಯಾಕೆ ನಿಲ್ಲಿಸಬೇಕು ಎಂದು ಕೇಳಿ, ಮರುಗಳಿಗೆಯೇ ಅಳತೊಡಗಿದಳು. ಗೆಳತಿಯರನ್ನು ಬಿಟ್ಟು ಹೋಗಲು ಇಷ್ಟವಿಲ್ಲ ಎಂದಳು. ಅವಳು ಅತ್ತದ್ದು ನನ್ನ ಕರುಳಿಗೆ ತಾಗಿತು. ಆದರೂ ನನ್ನ ಮನಸ್ಸು ಬದಲಾಗಲಿಲ್ಲ ಎಂದರೆ ನನ್ನನ್ನು ಕಲ್ಲೆದೆಯವಳು ಎನ್ನಿ, ಅಡ್ಡಿಯಿಲ್ಲ. ಮೂವತ್ತು ಚಿಲ್ಲರೆ ಮಕ್ಕಳು ತಮ್ಮ ಕೈಯಾರೆ ಹಾಕಿಕೊಂಡ ಗಂಟನ್ನು ನಾನು ಕತ್ತರಿಸಿ, ಇವನೇ ಗೆದ್ದ, ಬರೆದುಕೊಳ್ಳಿ ಎಂದು ಹೇಳುವುದೇ? ಮೇಲಿನವರು ಹೇಳಿದ ಹೆಸರೇ ಫಲಿತಾಂಶ ಎಂದು ಅವರಿಗೆ ಕಲಿಸಿದಂತಾಗುತ್ತಿತ್ತು. ಅಂಥ ಪಾಠ ಕಲಿಸಲು ಇತಿಹಾಸದ ಮೇಷ್ಟ್ರೇಕೆ ಬೇಕು?

ಯೋಚಿಸಿದಷ್ಟೂ ಒಂದು ಮಾತು ಸ್ಪಷ್ಟವಾಯಿತು. ಬಾಗಿಲು ಮುಚ್ಚಿದ್ದೇ ತಪ್ಪು. ನಾವೇನೋ ಕದ್ದು ಮಾಡುತ್ತಿದ್ದೇವೆ ಎಂದು ನಾವೇ ಒಪ್ಪಿಕೊಂಡಂತಾಗಿತ್ತು. ಮರುದಿನ ಬೆಳಿಗ್ಗೆ ಆಡಳಿತದವರಿಗೆ ಒಂದು ಇಮೇಲ್ ಕಳಿಸಿ, ಮುಖ್ಯಸ್ಥರಿಗೂ ಪ್ರತಿ ಹಾಕಿದೆ. ಶುಕ್ರವಾರದ ತರಗತಿಯಲ್ಲಿ ಚುನಾವಣೆಯ ಕೊನೆಯ ಹಂತ ನಡೆಯುತ್ತದೆ, ಬಾಗಿಲು ತೆರೆದಿರುತ್ತದೆ, ಬಂದು ನೋಡಬೇಕೆಂದು ಕೋರುತ್ತೇನೆ. ಅಷ್ಟೇ ಬರೆದೆ. ಕ್ಷಮೆ ಕೇಳಲಿಲ್ಲ.

ಶುಕ್ರವಾರ ಬಾಗಿಲ ಸಂದಿಗೆ ಕುರ್ಚಿಯೊಂದನ್ನು ಒತ್ತರಿಸಿ ತೆರೆದಿಟ್ಟೆ. ಮತ ಸಮವಾದರೆ ತೀರ್ಮಾನ ಸಂಸತ್ತಿನ ಕೆಳಮನೆಗೆ ಹೋಗುತ್ತದೆ. ಅಲ್ಲಿ ಒಂದು ರಾಜ್ಯಕ್ಕೆ ಒಂದೇ ಮತ, ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ. ಆಗಿದ್ದದ್ದು ಹದಿನಾರು ರಾಜ್ಯ, ಗೆಲ್ಲಲು ಒಂಬತ್ತು ಬೇಕು. ಮಕ್ಕಳನ್ನು ರಾಜ್ಯಗಳಿಗೆ ಹಂಚಿ, ರಾಜ್ಯದೊಳಗೆ ಬಹುಮತ ಯಾರಿಗೋ ಅದೇ ಆ ರಾಜ್ಯದ ಮತ ಎಂದು ವಿವರಿಸಿದೆ. ಸೋತ ಆಡಳಿತ ಪಕ್ಷಕ್ಕೆ ಈಗ ತನ್ನ ಅಭ್ಯರ್ಥಿಯೇ ಇಲ್ಲ. ಎದುರು ಪಕ್ಷದ ಇಬ್ಬರಲ್ಲೇ ಒಬ್ಬನನ್ನು ಆರಿಸಬೇಕು. ಅವರು ಬೇಕೆಂದೇ ಜೊತೆ ಅಭ್ಯರ್ಥಿಯ ಹಿಂದೆ ನಿಂತರು. ಆಟ ಕೆಡಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ.

ಸ್ಪೀಕರ್ ಆಗಿ ಆಯ್ಕೆಯಾದವಳು ಕ್ಲಾಂಗ್ ಬಂದರಿನ ಕಡೆಯಿಂದ ಬರುವ ತಮಿಳು ಹುಡುಗಿ, ಆಡಳಿತ ಪಕ್ಷದವಳು. ಅವಳ ಅಪ್ಪ ಬಂದರಿನಲ್ಲಿ ಸರಕು ಸಾಗಣೆಯ ಕಚೇರಿ ಇಟ್ಟುಕೊಂಡಿದ್ದರು. ಮೊದಲ ಸುತ್ತಿನಲ್ಲಿ ಮೊದಲ ಅಭ್ಯರ್ಥಿಗೆ ಎಂಟು ರಾಜ್ಯ, ಜೊತೆಯವನಿಗೆ ಆರು, ಎರಡು ರಾಜ್ಯಗಳು ಒಳಗೇ ಸಮ ಒಡೆದು ಲೆಕ್ಕಕ್ಕಿಲ್ಲ. ಎರಡನೆಯ ಸುತ್ತಿನಲ್ಲೂ ಅದೇ. ಮೂರನೆಯದರಲ್ಲೂ ಅದೇ. ಯಾರಿಗೂ ಬಹುಮತ ಬಾರದ ಸಂಸತ್ತು ಎಂದರೇನೆಂದು ಈ ಮಕ್ಕಳಿಗೆ ನಾನು ಹೇಳಬೇಕಾಗಿರಲಿಲ್ಲ. ಇಲ್ಲಿನ ಚುನಾವಣೆಯ ಮೇಲೆ ಅವರ ಮನೆಗಳಲ್ಲಿ ಪ್ರಧಾನಿ ಯಾರಾಗುತ್ತಾರೆಂದು ದಿನಗಟ್ಟಲೆ ಟೀವಿ ಮುಂದೆ ಕಾದದ್ದು ಅವರಿಗೆ ಇನ್ನೂ ನೆನಪಿತ್ತು.

ಎಷ್ಟೋ ಸುತ್ತು ಕಳೆದ ಮೇಲೆ ಮುಖ್ಯಸ್ಥರು ಬಾಗಿಲಲ್ಲಿ ಕಾಣಿಸಿಕೊಂಡರು. ಒಬ್ಬರೇ ಬಂದಿದ್ದರು. ಮುಖ ಬಾಡಿತ್ತು.

"ಮೇಡಂ, ನಿಲ್ಲಿಸಿ ಅಂತ ಹೇಳ್ಲಿಕ್ಕೆ ನನ್ನನ್ನು ಕಳ್ಸಿದ್ದಾರೆ," ಎಂದರು ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ. ಆಮೇಲೆ ತರಗತಿಗೆ ಕೇಳುವಂತೆ ಇಂಗ್ಲಿಷಿನಲ್ಲಿ, ಇವತ್ತಿಗೆ ಸಾಕು, ಎಲ್ಲರೂ ಹೊರಡಿ ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸ್ಪೀಕರ್ ಎದ್ದು ನಿಂತಳು.

"ಸರ್, ಅಧ್ಯಕ್ಷರ ಆಯ್ಕೆ ಆಗುವವರೆಗೆ ಸಭೆ ಮುಂದೂಡುವ ಹಾಗಿಲ್ಲ ಅಂತ ನಿಯಮ ಇದೆ. ನಾವೇ ಪಾಸ್ ಮಾಡಿದ್ದೇವೆ. ಪ್ರೇಕ್ಷಕರು ಕೂತುಕೊಳ್ಳಬಹುದು. ಮಾತಾಡುವ ಹಾಗಿಲ್ಲ."

ಆ ನಿಯಮ ಅಂದಿನ ಕೆಳಮನೆ ನಿಜವಾಗಿಯೂ ಮಾಡಿಕೊಂಡದ್ದು. ಬೆಳಿಗ್ಗೆ ಮಕ್ಕಳು ಅದನ್ನು ಕೈಯೆತ್ತಿ ಒಪ್ಪಿಕೊಂಡಿದ್ದರು. ಮುಖ್ಯಸ್ಥರು ನನ್ನ ಕಡೆ ನೋಡಿದರು. ನನಗೆ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳನ್ನು ಕೂರಿಸುವ ಮಾತು ನನ್ನ ಬಾಯಿಂದ ಬರುವಂತಿರಲಿಲ್ಲ. ಮುಖ್ಯಸ್ಥರು ಬಾಗಿಲಿಗೆ ಒತ್ತರಿಸಿದ್ದ ಕುರ್ಚಿಯನ್ನೇ ಎಳೆದುಕೊಂಡು ಕೂತರು. ಬಾಗಿಲು ಮುಚ್ಚಿಕೊಳ್ಳಹೋಯಿತು. ಅವರೇ ಕಾಲು ಚಾಚಿ ತಡೆದರು.

ಮತ್ತೆ ಸುತ್ತು, ಮತ್ತೆ ಅದೇ ಎಣಿಕೆ. ಆಡಳಿತ ಪಕ್ಷದವರು ಹೊಸ ಲೆಕ್ಕಾಚಾರಕ್ಕೆ ಇಳಿದಿದ್ದರು. ಅವಧಿ ಮುಗಿಯುವವರೆಗೆ ಹೀಗೇ ಎಳೆದರೆ ಅಧ್ಯಕ್ಷನೇ ಇಲ್ಲದಂತಾಗಿ, ಅಧಿಕಾರ ತಮ್ಮವರ ಕೈಯಲ್ಲೇ ಉಳಿಯುತ್ತದೆ ಎಂದು. ಇದೂ ಆಗ ಆಡಿದ್ದ ಮಾತೇ. ಅವರೆಲ್ಲರ ಒತ್ತಡ ಒಬ್ಬ ಹುಡುಗನ ಮೇಲಿತ್ತು. ಅತಿ ಚಿಕ್ಕ ರಾಜ್ಯದ ಒಬ್ಬನೇ ಪ್ರತಿನಿಧಿ ಅವನು. ಪೆನಾಂಗಿನ ಬಯಾನ್ ಲೆಪಾಸ್‌ನ ಚೀನೀ ಹುಡುಗ, ಅಪ್ಪ ಅಮ್ಮ ಇಬ್ಬರೂ ಚಿಪ್ ಕಾರ್ಖಾನೆಯ ಎಂಜಿನಿಯರುಗಳು. ಇಡೀ ಸೆಮಿಸ್ಟರಿನಲ್ಲಿ ತಾನಾಗಿ ಒಂದು ಪ್ರಶ್ನೆ ಕೇಳಿದವನಲ್ಲ. ದೊಡ್ಡ ರಾಜ್ಯದಲ್ಲಿ ಒಬ್ಬ ಅತ್ತಿತ್ತ ಆದರೆ ಮುಚ್ಚಿಹೋಗುತ್ತದೆ. ಅವನದು ಹಾಗಲ್ಲ, ಅವನೆಂದರೆ ರಾಜ್ಯ, ರಾಜ್ಯವೆಂದರೆ ಅವನು.

ಅವನು ಎದ್ದು ನಿಂತ. "ಈ ಸಲ ನಾನು ಖಾಲಿ ಚೀಟಿ ಹಾಕ್ತೇನೆ," ಎಂದ.

ಅವನ ಪಕ್ಷದವರು ಮುಗಿಬಿದ್ದರು. ದ್ರೋಹಿ ಎಂದರು, ಮಾರಿಕೊಂಡೆಯಾ ಎಂದರು. ಅವನ ಕಿವಿ ಕೆಂಪಾಯಿತು. ಪುಸ್ತಕ ನೋಡಿ ಹೇಳುತ್ತಿದ್ದೀಯಾ ಎಂದು ಒಬ್ಬಳು ಕೇಳಿದಳು.

"ಪುಸ್ತಕ ನೋಡಿದ್ದೇನೆ. ಅದಕ್ಕಲ್ಲ," ಎಂದ. "ಅವರ ಮೊದಲ ಅಭ್ಯರ್ಥಿಗೆ ನಾನು ಓಟು ಹಾಕೋದಿಲ್ಲ, ಅವನು ನನಗೆ ಇಷ್ಟ ಇಲ್ಲ. ಆದರೆ ಜನ ಅವರನ್ನು ಆರಿಸಿದ್ದಾರೆ, ನಮ್ಮನ್ನಲ್ಲ. ನಾವು ಬಾಗಿಲಿಗೆ ಅಡ್ಡ ನಿಂತಿದ್ದೇವೆ ಲಾ. ನಾನು ಪಕ್ಕಕ್ಕೆ ಸರೀತೇನೆ, ಅಷ್ಟೆ."

ಸ್ಪೀಕರ್ ಮೇಜು ತಟ್ಟಿ ಸುಮ್ಮನಿರಿಸಿದಳು. ಅವಳಿಗೂ ಸಿಟ್ಟು ಬಂದಿತ್ತು, ಅವನು ಅವಳ ಪಕ್ಷದವನೇ. ಆದರೂ ಡಬ್ಬಿ ಮುಂದೆ ಸರಿಸಿದಳು. ಆ ಸುತ್ತಿನಲ್ಲಿ ಒಡೆದುಹೋಗಿದ್ದ ಎರಡು ರಾಜ್ಯಗಳ ಆಡಳಿತ ಪಕ್ಷದವರೂ ಅವನನ್ನು ನೋಡಿ ಖಾಲಿ ಚೀಟಿ ಹಾಕಿದರು. ಎರಡೂ ರಾಜ್ಯ ಮೊದಲ ಅಭ್ಯರ್ಥಿಗೆ ಬಂದವು. ಹತ್ತು. ನಿಜವಾದ ಕೆಳಮನೆ ಮೂವತ್ತಾರನೆಯ ಸುತ್ತಿನಲ್ಲಿ ತಲುಪಿದ ಸಂಖ್ಯೆಯೂ ಹತ್ತೇ.

ಫಲಿತಾಂಶ ಓದಬೇಕಾದವಳು ಸೋತ ಪಕ್ಷದ ಸ್ಪೀಕರ್. ಕಾಗದ ಬಿಡಿಸಿಕೊಂಡಳು. ಆಮೇಲೆ ಗೆದ್ದವನ ಹೆಸರನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ, ತನ್ನ ಕುರ್ಚಿ ಬಿಟ್ಟು ಇಳಿದು ಹೋಗಿ ಅವನ ಕೈ ಕುಲುಕಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬೋರ್ಡಿನ ಕಡೆ ತಿರುಗಿ ಒರೆಸಿಕೊಂಡೆ.

ಮಕ್ಕಳು ಹೋದ ಮೇಲೆ ಮುಖ್ಯಸ್ಥರು ಕೂತೇ ಇದ್ದರು.

"ನಾನು ಮೇಲೆ ಹೋಗಿ ಎಂತ ಹೇಳುದು ಈಗ?"

"ಸೋತವರ ಬಾಯಿಂದನ ಫಲಿತಾಂಶ ಬಂತು ಅಂತ ಹೇಳ್ರಿ ಸರ. ಜಗಳಾ ಆತು, ಹೊಡದಾಟ ಆಗ್ಲಿಲ್ಲ ಅಂತ ಹೇಳ್ರಿ."

"ಅದೆಲ್ಲ ಅವರಿಗೆ ಬೇಡ ಮಾರಾಯ್ರೆ," ಎಂದರು. ಹೋಗುವಾಗ ಕುರ್ಚಿಯನ್ನು ಮತ್ತೆ ಬಾಗಿಲಿಗೆ ಒತ್ತರಿಸಿ ಹೋದರು.

ಮುಂದಿನ ವಾರ ಕಾಂಟ್ರಾಕ್ಟ್ ಬಂತು. ಎಲ್ಲ ಮೊದಲಿನಂತೆಯೇ ಇತ್ತು, ಕೊನೆಗೆ ಒಂದು ಹೊಸ ಷರತ್ತು: ತರಗತಿಯಲ್ಲಿ ಚುನಾವಣೆ, ಪ್ರಚಾರ, ಮತದಾನದಂಥ ಚಟುವಟಿಕೆ ನಡೆಸುವುದಿಲ್ಲವೆಂದು ನಾನು ಒಪ್ಪಿಕೊಳ್ಳಬೇಕು. ಮುಖ್ಯಸ್ಥರು ನನ್ನ ಕೋಣೆಗೇ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಸೈನ್ ಹಾಕಿಬಿಡಿ. ಒಂದು ವರ್ಷ ಕಳೆದ ಮೇಲೆ ಮೆಲ್ಲಗೆ ಮಾಡಿದ್ರಾಯ್ತು. ಯಾರು ನೋಡ್ತಾರೆ?" ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ.

"ಸಹಿ ಮಾಡಿ ಆಮ್ಯಾಲೆ ತಪ್ಪೂದು ನನಗ ಬರೂದಿಲ್ರಿ ಸರ. ಮಾಡೂದಿದ್ರ ಎದುರಿಗೇ ಮಾಡಾಕಿ," ಎಂದೆ. ಕಾಗದವನ್ನು ಸಹಿಯಿಲ್ಲದೆ ವಾಪಸು ಕೊಟ್ಟೆ. ನನ್ನ ಪಾಸು ಮುಗಿಯುವವರೆಗೆ ಅಲ್ಲಿ ಪಾಠ ಮಾಡಿ ಹೊರಬಿದ್ದೆ. ಆ ಕಾಲೇಜಿನ ಮೇಲೆ ಸಿಟ್ಟು ನನಗೆ ಈಗಲೂ ಇದೆ. ಚುನಾವಣೆ ನಡೆಸಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ಬೇರೆ ಕಾಲೇಜುಗಳಿಗೆ ಅರ್ಜಿ ಹಾಕುವಾಗ ಮೊದಲ ಸಾಲಿನಲ್ಲೇ ಬರೆದೆ, ನಾನು ತರಗತಿಯಲ್ಲಿ ಚುನಾವಣೆ ನಡೆಸುತ್ತೇನೆ ಎಂದು. ಗಂಡ ತಲೆ ಚಚ್ಚಿಕೊಂಡರು. "ಅದನ್ನ ಕೆಳಗರ ಬರಿ," ಎಂದರು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಊರಿಗೆ ಮರಳುವ ಟಿಕೆಟ್ ನೋಡತೊಡಗಿದ್ದೆವು, ಅಷ್ಟರಲ್ಲಿ ಪೆನಾಂಗಿನ ಒಂದು ಕಾಲೇಜು ಕರೆಯಿತು. ಮಗಳು ಅತ್ತಳು, ಆಮೇಲೆ ಅಲ್ಲಿ ಸಮುದ್ರ ಹತ್ತಿರವೇ ಎಂದು ಕೇಳಿದಳು.

ಅಲ್ಲಿನ ಕಚೇರಿಯಲ್ಲಿ ಕಾಂಟ್ರಾಕ್ಟ್ ನನ್ನ ಮುಂದಿಟ್ಟರು. ಸಾಲು ಸಾಲಾಗಿ ಓದಿದೆ. ನಿಷೇಧದ ಷರತ್ತು ಎಲ್ಲೂ ಇರಲಿಲ್ಲ. ಅಷ್ಟಕ್ಕೇ ತೃಪ್ತಿಪಟ್ಟು ಸಹಿ ಹಾಕಬಹುದಿತ್ತು. ಗಂಡ ಹೊರಗೆ ಮಗಳ ಕೈ ಹಿಡಿದು ಗಾಜಿನಾಚೆಯಿಂದ ನೋಡುತ್ತಿದ್ದರು.

"ಇದರಲ್ಲಿ ಒಂದು ಸಾಲು ಸೇರಿಸಬೇಕು," ಎಂದೆ. "ಬೋಧಕರು ತರಗತಿಯಲ್ಲಿ ಚುನಾವಣೆ ನಡೆಸಬಹುದು ಅಂತ."

ಎದುರಿಗಿದ್ದ ಹೆಂಗಸು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಇಂಥದ್ದನ್ನು ಇದುವರೆಗೆ ಯಾರೂ ಕೇಳಿಲ್ಲ," ಎಂದಳು.

"ಈಗ ಕೇಳ್ತಿದ್ದೇನೆ."

ಪೆನ್ನಿನ ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟೆ. ಅವಳು ಕಾಗದ ಎತ್ತಿಕೊಂಡು ಒಳಗೆ ಹೋದಳು. ಗಾಜಿನಾಚೆಯಿಂದ ಗಂಡ ಏನಾಯಿತೆಂದು ಕೈಸನ್ನೆ ಮಾಡಿದರು. ತಡೀರಿ ಎಂದು ನಾನೂ ಕೈಸನ್ನೆ ಮಾಡಿದೆ. ಬಹಳ ಹೊತ್ತಾಯಿತು. ಅವಳು ಹೊಸ ಹಾಳೆ ಹಿಡಿದುಕೊಂಡು ಹೊರಗೆ ಬಂದಳು. ಆ ಸಾಲು ಅದರಲ್ಲಿತ್ತು. ಎರಡು ಸಲ ಓದಿದೆ. ಆಮೇಲೆ ಸಹಿ ಹಾಕಿದೆ.